ಹೊಳೆಗಿಳಿದ ದೋಣಿ ಗಾಡಿಗೂ ಏರಬೇಕು

ನೆರೆ ಬಂದಾಗ ಎಲ್ಲರೂ ಕೇಳುವುದು "ದೋಣಿ ಬಂತಾ?" ಎಂದು. ಆ ದೋಣಿಯನ್ನು ಹೊತ್ತು ತರುವ ಟ್ರೇಲರ್ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೃಷ್ಣೆ, ತುಂಗಭದ್ರೆ ಎಂಬ ಎರಡು ಹೊಳೆಗಳ ನಡುವಿನ ನಮ್ಮ ರಾಯಚೂರು ಸೀಮೆಯಲ್ಲಿ ಒಂದೇ ದೋಣಿ ಹಲವು ದಂಡೆಗಳಿಗೆ ಓಡಬೇಕು. ಬೇಗ, ನೆಟ್ಟಗೆ ಗಾಡಿ ಏರಿದರಷ್ಟೇ ಅದು ಮುಂದಿನ ಊರಿಗೆ ಸಿಕ್ಕೀತು. ಟ್ರೇಲರ್ ಸರಿಮಾಡುವ ಕೆಲಸ ಆಗಬೇಕಾದದ್ದು ಮಿರಗದ ಮಳೆಗೆ ಮುಂಚೆ, ಒಣ ನೆಲದಲ್ಲಿ.

ಆಗಸ್ಟ್ ತಿಂಗಳ ಒಂದು ಸಂಜೆ. ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆ. ಆಕಾಶದಲ್ಲಿ ಹನಿ ಮಳೆಯಿಲ್ಲ, ಹೊಲದಲ್ಲಿ ಹತ್ತಿ ಬಾಡಿ ನಿಂತಿದೆ. ಹೊಳೆ ಮಾತ್ರ ಕೆಂಪಗೆ, ದಂಡೆ ಮೀರಿ ಹರಿಯುತ್ತಿದೆ. ನಮ್ಮ ಕೃಷ್ಣೆಯ ಗುಣವೇ ಅದು. ಮಳೆ ಸುರಿಯುವುದು ಮಹಾಬಳೇಶ್ವರದ ಬೆಟ್ಟದಲ್ಲಿ, ಮುಳುಗುವುದು ನಮ್ಮ ಪಂಪ್‌ಸೆಟ್.

ಆಚೆ ಸಿಕ್ಕಿಬಿದ್ದಿದ್ದ ಕೊನೆಯ ಮಂದಿಯನ್ನು ದೋಣಿ ಈಚೆ ತಂದು ಇಳಿಸಿತ್ತು. ಮುದುಕಿಯೊಬ್ಬಳು ಇಳಿದವಳೇ ದೋಣಿಯ ಮೂತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೆಲಸ ಮುಗಿಯಿತೆಂದು ಎಲ್ಲರೂ ಉಸಿರುಬಿಟ್ಟರು.

ನಿಜವಾದ ಪೇಚಾಟ ಶುರುವಾದದ್ದು ಆಮೇಲೆ.

"ಹಿಂದ್ ಬಾ, ಹಿಂದ್ ಬಾ… ಎಡಕ್ಕ ಹೊಡಿ ಅಣ್ಣಾ… ಏ ನಿಂದ್ರು, ನಿಂದ್ರು!" ಟ್ರೇಲರ್ ನೀರಿಗಿಳಿಯಿತು. ದೋಣಿಯ ಮೂತಿಯನ್ನು ಅದರತ್ತ ತಿರುಗಿಸಿ ಎಳೆದರು. ಮೂತಿ ಗಾಡಿ ಮುಟ್ಟಿತು. ಅಷ್ಟರಲ್ಲಿ ಸೆಳವು ದೋಣಿಯ ಹಿಂಭಾಗವನ್ನು ಕೆಳಕ್ಕೆ ತಳ್ಳಿತು. ದೋಣಿ ಅಡ್ಡಡ್ಡ ಕೂತಿತು. ಒಂದು ಪಕ್ಕೆ ಮಡ್‌ಗಾರ್ಡ್ ಮೇಲೆ, ಇನ್ನೊಂದು ಗಾಳಿಯಲ್ಲಿ. ಸೊಂಟದ ನೀರಿನಲ್ಲಿ ನಿಂತ ಆರು ಜನ ಹುಡುಗರು ಹೆಗಲು ಕೊಟ್ಟು ನೂಕಿದರು. ಇಳಿಸಿ ಮತ್ತೆ ಏರಿಸಿದರು. ಮತ್ತೆ ಸೊಟ್ಟ. ನಾಲ್ಕನೆಯ ಸಲಕ್ಕೆ ಕೂತಾಗ ಕತ್ತಲಾಗಿತ್ತು. ಪಟ್ಟಿ ಬಿಗಿದು ಹೊರಡುವ ಹೊತ್ತಿಗೆ ಒಂದು ತಾಸು ಹೋಗಿತ್ತು. ಆ ಒಂದು ತಾಸಿನಲ್ಲಿ ಮುಂದಿನ ಊರಿನಿಂದ ಮೂರು ಸಲ ಫೋನ್ ಬಂದಿತ್ತು.

ಆ ತಾಸು ನನ್ನ ತಲೆಯಿಂದ ಇಂದಿಗೂ ಹೋಗಿಲ್ಲ. ಹುಡುಗರ ತಪ್ಪು ಏನೂ ಇರಲಿಲ್ಲ. ಜೀವದ ಹಂಗು ತೊರೆದು ದುಡಿದವರು ಅವರು. ಸೊಟ್ಟಗಿದ್ದದ್ದು ಗಾಡಿ.

ನಡುವಿನ ಊರು

ನನ್ನ ಊರು ಕಲ್ಲೂರು. ರಾಯಚೂರಿನಿಂದ ಮಾನ್ವಿಯತ್ತ ಹೋಗುವಾಗ ಸಿಗುತ್ತದೆ. ಮಹಾಲಕ್ಷ್ಮಿ ಗುಡಿಯಿಂದ ಹೆಸರಾದ ಊರು. ಉತ್ತರಕ್ಕೆ ಹೋದರೆ ಕೃಷ್ಣೆ, ದಕ್ಷಿಣಕ್ಕೆ ಹೋದರೆ ತುಂಗಭದ್ರೆ. ಎರಡೂ ನಮ್ಮೂರನ್ನು ಮುಟ್ಟುವುದಿಲ್ಲ, ಎರಡರ ಸುದ್ದಿಯೂ ನಮ್ಮ ಚಹಾದಂಗಡಿ ಮುಂದೆಯೇ ಹಾದು ಹೋಗುತ್ತದೆ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಆದಿಲ್ ಶಾಹನೂ ಕಾದಾಡಿದ್ದು ಈ ಎರಡು ಹೊಳೆಗಳ ನಡುವಿನ ನೆಲಕ್ಕಾಗಿಯೇ. ಈಗಿನ ಕಾದಾಟ ನೀರಿನ ಜೊತೆ.

2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಏರಿದ್ದನ್ನು ಮಾನ್ವಿ ಸೀಮೆಯ ದಂಡೆಯ ಊರುಗಳು ಮರೆತಿಲ್ಲ. ಆಚೆ ಮಂತ್ರಾಲಯವೇ ಮುಳುಗಿತ್ತು. ಸರ್ಕಾರ 'ಆಸರೆ' ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಬೇಕಾದಷ್ಟು ದೊಡ್ಡ ನೆರೆ ಅದು. ಹತ್ತು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಸರದಿ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ 5 ಲಕ್ಷ ಕ್ಯುಸೆಕ್‌ಗೂ ಮೀರಿ ನೀರು ಹೊರಬಿದ್ದಿತು. ದೇವದುರ್ಗ–ಶಹಾಪುರಗಳನ್ನು ಜೋಡಿಸುವ ಹೂವಿನಹೆಡಗಿ ಸೇತುವೆ ಮುಳುಗಿತು. ಕೊಪ್ಪರದ ನರಸಿಂಹನ ಗುಡಿಗೆ ನೀರು ಬಂತು. ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳ ದಾರಿ ಮುಚ್ಚಿತು.

ಅದೇ ನೆರೆಯಲ್ಲಿ ಹಿರೇರಾಯಕುಂಪಿಯ ಬಳಿ ಒಬ್ಬ ಶಾಲಾ ಬಾಲಕ ಮುಳುಗಿದ ಸೇತುವೆಯ ಮೇಲೆ ಆಂಬುಲೆನ್ಸ್‌ಗೆ ಮುಂದಾಗಿ ನೀರಿನಲ್ಲಿ ಓಡಿದ. ರಸ್ತೆಯ ಅಂಚು ಚಾಲಕನಿಗೆ ಕಾಣುತ್ತಿರಲಿಲ್ಲ. ಹುಡುಗನ ಕಾಲು ಬಿದ್ದಲ್ಲೆಲ್ಲ ರಸ್ತೆ ಇತ್ತು. ಆ ವಿಡಿಯೊವನ್ನು ದೇಶವೇ ನೋಡಿತು. ನೀರು ಮುಚ್ಚಿದ ದಾರಿಯಲ್ಲಿ ನೆಟ್ಟಗೆ ಹೋಗಲು ಕಣ್ಣಿಗೆ ಕಾಣುವ ಒಂದು ಗುರುತು ಬೇಕು. ದೋಣಿಯ ಟ್ರೇಲರ್ ವಿಷಯದಲ್ಲಿ ನಾನು ಹೇಳಹೊರಟಿರುವುದೂ ಇದನ್ನೇ.

ಮರುವರ್ಷ, 2020ರ ಆಗಸ್ಟ್‌ನಲ್ಲಿ, ರಾಯಚೂರು ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಗೆ ಮರಳುತ್ತಿದ್ದ ತೆಪ್ಪ ಮಗುಚಿತು. ಜೀವಗಳು ಹೋದವು. ದೋಣಿಗಳು ಹುಡುಕಾಟಕ್ಕೆ ಮತ್ತೆ ಅದೇ ಹೊಳೆಗೆ ಇಳಿದವು.

ತಲೆಮೇಲೆ ಹೊರುವ ದೋಣಿ

ನಮ್ಮ ತೆಪ್ಪಕ್ಕೆ, ಅಂದರೆ ಹರಿಗೋಲಿಗೆ, ಟ್ರೇಲರ್ ಬೇಕಿಲ್ಲ. ಬಿದಿರ ಹೆಣಿಗೆ, ಅದರ ಮೇಲೆ ಡಾಂಬರು ಬಳಿದ ಹಾಳೆ; ಸಣ್ಣದಾದರೆ ಒಬ್ಬನೇ ಬೋರಲು ಮಾಡಿ ತಲೆಮೇಲೆ ಹೊತ್ತು ನಡೆಯುತ್ತಾನೆ. ದೂರದಿಂದ ನೋಡಿದರೆ ದೊಡ್ಡ ಆಮೆಯೊಂದು ಎದ್ದು ನಿಂತು ಹೊರಟಂತೆ. ಘಾಟಿರಲಿ ಕೆಸರಿರಲಿ, ಮನುಷ್ಯ ಇಳಿಯುವ ಜಾಗದಲ್ಲೆಲ್ಲ ತೆಪ್ಪ ಇಳಿಯುತ್ತದೆ. ಸಾವಿರಾರು ವರ್ಷ ಬಾಳಿದ ವಿದ್ಯೆಗೆ ಅದರದ್ದೇ ಜಾಣ್ಮೆ ಇದೆ.

ಆದರೆ ಲಕ್ಷಗಟ್ಟಲೆ ಕ್ಯುಸೆಕ್‌ ನೀರಿನ ಮುಂದೆ ಹುಟ್ಟು ಹಿಡಿದ ತೋಳು ಸಾಲದು. ಯಂತ್ರದ ದೋಣಿ ಬೇಕು. ಎನ್‌ಡಿಆರ್‌ಎಫ್‌ನವರ ರಬ್ಬರ್ ದೋಣಿಗಳನ್ನು ಮಡಚಿ ಲಾರಿಯಲ್ಲಿ ತಂದು ದಂಡೆಯಲ್ಲೇ ಗಾಳಿ ತುಂಬಬಹುದು, ನಾಲ್ಕಾರು ಜನ ಎತ್ತಬಹುದು. ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿಗೆ ಆ ಅನುಕೂಲವಿಲ್ಲ. ಹಿಂದೆ ತೂಗುಹಾಕಿದ ಯಂತ್ರ, ಪೆಟ್ರೋಲ್ ಡಬ್ಬಿ, ಜಾಕೆಟ್ಟುಗಳು ಎಲ್ಲ ಸೇರಿದರೆ ಅದನ್ನು ಸಾಗಿಸಲು ಟ್ರೇಲರ್ ಬೇಕೇ ಬೇಕು.

ಹರಿಗೋಲು ಕಂಡ ಪೋರ್ಚುಗೀಸ
*ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಾಯಸ್, ಆನೆಗೊಂದಿಗೆ ಹೊಳೆ ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ಬಣ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಒಂದೊಂದರಲ್ಲಿ 15–20 ಜನ. ಬೇಕೆಂದರೆ ಎತ್ತು, ಕುದುರೆಗಳನ್ನೂ ದಾಟಿಸುತ್ತಿದ್ದರಂತೆ. ಬೇರೆ ದೋಣಿಗಳ ಹಾಗೆ ಇವು ನೆಟ್ಟಗೆ ಸಾಗಲಾರವು, ಗರಗರ ತಿರುಗುತ್ತಲೇ ಹೋಗುತ್ತವೆ ಎಂಬುದನ್ನೂ ಅವನು ಗಮನಿಸಿದ್ದ.*

ಸೊಟ್ಟ ಕೂರುವುದೇಕೆ?

ನೀರಿನಲ್ಲಿ ತೇಲುವ ದೋಣಿಗೆ ಹಿಡಿತವಿಲ್ಲ. ಮೂತಿ ಗಾಡಿಗೆ ತಾಗಿದ ಕ್ಷಣದಿಂದ ಅದು ಬಾಗಿಲಿನಂತೆ ಆಗುತ್ತದೆ: ಮೂತಿಯೇ ತಿರುಗಣಿ, ಹಿಂಭಾಗ ತೆರೆದ ಕದ. ಸೆಳವು ಅಥವಾ ಗಾಳಿ ಆ ಕದವನ್ನು ತಳ್ಳುತ್ತದೆ. ಯಂತ್ರದ ಭಾರ ಹಿಂದೆಯೇ ಇರುವುದರಿಂದ ಒಮ್ಮೆ ತಿರುಗತೊಡಗಿದರೆ ಕೈಯಲ್ಲಿ ನಿಲ್ಲಿಸುವುದು ಕಷ್ಟ.

ಇನ್ನೊಂದು ಕಾರಣ ಆಳ. ಟ್ರೇಲರನ್ನು ತೀರಾ ಆಳಕ್ಕೆ ಇಳಿಸಿದರೆ ದೋಣಿ ಅದರ ಮೇಲೆ ತೇಲುತ್ತದೆಯೇ ಹೊರತು ಕೂರುವುದಿಲ್ಲ. ಎಳೆದು ಹೊರಗೆ ತಂದಾಗ ನೀರು ಇಳಿದ ಕ್ಷಣ ಎಲ್ಲಿತ್ತೋ ಅಲ್ಲೇ ಕೂತುಬಿಡುತ್ತದೆ. ಕಡಿಮೆ ಆಳಕ್ಕೆ ಇಳಿಸಿದರೆ ದೋಣಿಯನ್ನು ಗಾಡಿಯ ಒಣ ಮರದ ಪಟ್ಟಿಗಳ ಮೇಲೆ ಉಜ್ಜಿ ಎಳೆಯಬೇಕು. ಹಗ್ಗ ಸುತ್ತಿ ದೋಣಿ ಎಳೆಯುವ ವಿಂಚ್ ತಿರುಗಿಸುವವನ ರಟ್ಟೆ ಬೀಳುತ್ತದೆ. ಆಳ ಹೆಚ್ಚಾದಷ್ಟೂ ಸುಲಭ ಎಂದು ದಂಡೆಯಲ್ಲಿ ನಿಂತವರೆಲ್ಲ ಕೂಗುತ್ತಾರೆ. ಹೆಚ್ಚಿನ ಸಲ ದೋಣಿ ಸೊಟ್ಟಗಾಗುವುದು ಆ ಕೂಗನ್ನು ಕೇಳಿದ್ದರಿಂದಲೇ.

ಗೌಂಡಿಯ ದಾರದಿಂದ ಶುರು

ನಮ್ಮೂರ ಕಡೆ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಹಿರಿಯರೊಬ್ಬರ ಮುಂದೆ ಆ ಸಂಜೆಯ ಕತೆ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದ ಮೊದಲ ಮಾತು: "ತಮ್ಮಾ, ಗಾಡೀಗೆ ನಡುಗೆರಿ ಹೊಡದಿದ್ರೇನು?"

ನಡುಗೆರೆ ಎಂದರೆ ಗಾಡಿಯನ್ನು ಎಳೆಯುವ ವಾಹನಕ್ಕೆ ಸಿಕ್ಕಿಸುವ ಹುಕ್ಕಿನ ನಡುವಿನಿಂದ ಹಿಂದಿನ ಅಡ್ಡಪಟ್ಟಿಯ ನಡುವಿನವರೆಗೆ ಎಳೆದ ಗೌಂಡಿಯ ದಾರ. ಹುಕ್ಕಿನಿಂದ ಆಕ್ಸಲ್‌ನ ಎರಡೂ ತುದಿಗಳಿಗೆ ಅಳೆದರೆ ಅಳತೆ ಒಂದೇ ಬರಬೇಕು. ಬಾರದಿದ್ದರೆ ಗಾಡಿಯೇ ವಾರೆ ಓಡುತ್ತದೆ. ಅದರ ಮೇಲೆ ಏನನ್ನು ಜೋಡಿಸಿದರೂ ವ್ಯರ್ಥ. ಈ ಎರಡು ಅಳತೆ ಸರಿಯಾದ ಮೇಲೆಯೇ ಉಳಿದದ್ದು.

ಮುಂದಿನದು ದೋಣಿಯ ತಳ ಕೂರುವ ಎರಡು ಉದ್ದ ಮರದ ಪಟ್ಟಿಗಳು. ದಾರದಿಂದ ಎರಡೂ ಸಮ ದೂರದಲ್ಲಿರಬೇಕು, ದೋಣಿಯ ತಳದ ಓರೆಗೆ ತಕ್ಕಂತೆ ಒಳಮುಖವಾಗಿ ವಾಲಿರಬೇಕು. ಹಿಂದಿನ ತುದಿ ದೋಣಿಯ ಹಿಂಗೋಡೆಯವರೆಗೂ ಬರಬೇಕು. ಯಂತ್ರದ ಭಾರವೆಲ್ಲ ಅಲ್ಲೇ ಇರುವುದು. ಪಟ್ಟಿ ಅರ್ಧ ಅಡಿ ಗಿಡ್ಡವಾದರೂ ತಳ ಅಲ್ಲಿ ಜೋತು ಬಿದ್ದು ಕಾಲಾಂತರದಲ್ಲಿ ಸೊಟ್ಟಗಾಗುತ್ತದೆ. ಪಟ್ಟಿಯ ಮೇಲೆ ಕಾರ್ಪೆಟ್ ಹೊದಿಸಬೇಕು, ಮೊಳೆಯ ತಲೆ ಹೊರಗೆ ಕಾಣಬಾರದು. ದೋಣಿ ಏರಿಸುವ ಮುಂಚೆ ಪಟ್ಟಿಗಳನ್ನೊಮ್ಮೆ ಪೂರ್ತಿ ಮುಳುಗಿಸಿ ಒದ್ದೆ ಮಾಡಿಕೊಂಡು, ಆಮೇಲೆ ಗಾಡಿಯನ್ನು ಸರಿಯಾದ ಆಳಕ್ಕೆ ಮುಂದೆ ತಂದರೆ ದೋಣಿ ಜಾರಿ ಬರುತ್ತದೆ.

ಹಿಂದಿನ ಅಡ್ಡಪಟ್ಟಿಯ ನಟ್ಟನಡುವೆ ಒಂದು ರಬ್ಬರ್ ರೋಲರ್. ದೋಣಿಯ ತಳದ ನಡು ಏಣು ಮೊದಲು ಮುಟ್ಟುವುದು ಅದನ್ನೇ. ನಡುವೆ ತಗ್ಗಿ, ಅಂಚಿಗೆ ಎತ್ತರವಾಗಿರುವ ರೋಲರ್ ಆದರೆ ಏಣು ತಾನೇ ತಗ್ಗಿಗೆ ಬಂದು ಕೂರುತ್ತದೆ. ಮೊದಲ ಒಂದು ಮೊಳ ನೆಟ್ಟಗೆ ಬಂದರೆ ಅರ್ಧ ಗೆದ್ದಂತೆ.

ಎರಡು ಬದಿಗಂಬ

ಇಡೀ ಟ್ರೇಲರ್‌ನಲ್ಲಿ ಒಂದೇ ಒಂದನ್ನು ಹೊಸದಾಗಿ ಸೇರಿಸಿ ಎಂದರೆ ನಾನು ಬದಿಗಂಬಗಳನ್ನು ಸೇರಿಸಿ ಎನ್ನುತ್ತೇನೆ. ಆಕ್ಸಲ್‌ನ ಹಿಂದೆ, ಗಾಡಿಯ ಎರಡೂ ಪಕ್ಕಕ್ಕೆ ನೆಟ್ಟಗೆ ನಿಲ್ಲುವ ಎರಡು ಜಿಐ ಪೈಪು. ಗಾಡಿ ನೀರಿನಲ್ಲಿದ್ದಾಗಲೂ ಅವುಗಳ ತಲೆ ಮೇಲೆ ಕಾಣಬೇಕು. ಹಳದಿ ಅಥವಾ ಕೆಂಪು ಬಣ್ಣ ಬಳಿದರೆ ಮಸುಕಿನಲ್ಲೂ ಕಾಣುತ್ತವೆ.

ಇವು ಎರಡು ಕೆಲಸ ಮಾಡುತ್ತವೆ. ಕೆಂಪು ನೀರಿನಲ್ಲಿ ಟ್ರೇಲರ್ ಮುಳುಗಿದಾಗ ಚಾಲಕನಿಗೂ ದೋಣಿ ನಡೆಸುವವನಿಗೂ ಗಾಡಿ ಎಲ್ಲಿದೆ ಎಂದು ತೋರಿಸುತ್ತವೆ. ಹಿರೇರಾಯಕುಂಪಿಯ ಆ ಹುಡುಗ ಮಾಡಿದ ಕೆಲಸ ಇದೇ. ಎರಡನೆಯದಾಗಿ, ದೋಣಿಯ ಹಿಂಭಾಗ ತಿರುಗಹೊರಟಾಗ ಕಂಬ ಅಡ್ಡ ನಿಂತು ತಡೆಯುತ್ತದೆ. ಮೊದಲು ಹೇಳಿದ ಕದ ತೆರೆದುಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಅಳತೆ ಮುಖ್ಯ. ದೋಣಿ ಸರಿಯಾಗಿ ಕೂತಾಗ ಅದರ ಪಕ್ಕೆಗೂ ಕಂಬಕ್ಕೂ ನಡುವೆ ಎರಡು ಬೆರಳಿನ ಸಂದು ಇರಲಿ, ಎರಡೂ ಕಡೆ ಸಮನಾಗಿ. ಸಂದು ದೊಡ್ಡದಾದರೆ ಕಂಬ ಇದ್ದೂ ಇಲ್ಲದಂತೆ. ಸಂದೇ ಇಲ್ಲವೆಂದರೆ ದೋಣಿ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಜಿಐ ಪೈಪಿನ ಮೇಲೆ ಸಡಿಲವಾಗಿ ಪಿವಿಸಿ ಪೈಪು ತೊಡಿಸಿದರೆ ದೋಣಿ ತಾಗಿದಾಗ ಅದು ತಿರುಗಿ ಜಾರಿಸುತ್ತದೆ. ರಬ್ಬರ್ ದೋಣಿಯಾದರೆ ಕಂಬಕ್ಕೆ ದಪ್ಪ ಸ್ಪಂಜು ಸುತ್ತಲೇಬೇಕು, ತುದಿಗೆ ಬಿರಡೆ ಹಾಕಲೇಬೇಕು. ಚೂಪಾದ ಪೈಪಿನ ಬಾಯಿ ಒಂದು ಗೀರಿಗೆ ದೋಣಿಯ ಗಾಳಿ ತೆಗೆಯುತ್ತದೆ. ಕಂಬವನ್ನು ವೆಲ್ಡ್ ಮಾಡಿಬಿಡಬೇಡಿ. ಯು-ಬೋಲ್ಟ್ ಹಾಕಿ. ಮೊದಲ ಸಲಕ್ಕೇ ಅಳತೆ ಕೂಡುವುದಿಲ್ಲ, ಸರಿಸಬೇಕಾಗುತ್ತದೆ.

ಮುಂದೆ, ಮೂತಿ ಬಂದು ನಿಲ್ಲುವಲ್ಲಿ ಕವಲುಗೋಲಿನಂಥ ರಬ್ಬರ್ ತಡೆ. ಅದರ ಹಿಂದೆ ವಿಂಚ್. ದೋಣಿ ಕೂತಾಗ ವಿಂಚಿನ ಹಗ್ಗ ಮೂತಿಯ ಬಳೆಗೆ ಹೆಚ್ಚು ಕಡಿಮೆ ಸಮ ಎತ್ತರದಲ್ಲಿ ಇರಬೇಕು. ವಿಂಚ್ ತೀರಾ ಕೆಳಗಿದ್ದರೆ ಅದು ದೋಣಿಯನ್ನು ಮುಂದಕ್ಕೆಳೆಯುವ ಬದಲು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಬಹಳ ಟ್ರೇಲರ್‌ಗಳಲ್ಲಿ ನಾನು ಕಂಡ ದೋಷ ಇದೇ. ಇನ್ನೊಂದು ಮಾತು: ವಿಂಚ್ ಎಳೆಯಲಷ್ಟೇ. ರಸ್ತೆಗೆ ಹೊರಡುವಾಗ ಮೂತಿಗೊಂದು ಸರಪಳಿ, ಹಿಂದೆ ಎರಡು ಪಟ್ಟಿ ಬೇರೆಯಾಗಿ ಬಿಗಿಯಬೇಕು. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಕಿತ್ತ ಹಗ್ಗ ಚಾಟಿಯಂತೆ ಬರುತ್ತದೆ.

ಮುಂಭಾರ, ಹಿಂಭಾರ

ಬಂಡಿ ಹೂಡಿದ ರೈತನಿಗೆ ಇದನ್ನು ಕಲಿಸಬೇಕಿಲ್ಲ. ಹೇರಿನ ಭಾರ ಸ್ವಲ್ಪ ನೊಗದ ಕಡೆ ಬರಬೇಕು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಎತ್ತಿನ ಗಂಟಲು ಬಿಗಿಯುತ್ತದೆ. ಅತಿ ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ದೋಣಿಯ ಟ್ರೇಲರ್‌ಗೂ ಅದೇ ನಿಯಮ. ಒಟ್ಟು ತೂಕದ ಹತ್ತರಲ್ಲೊಂದು ಪಾಲಿನ ಆಸುಪಾಸು ಹುಕ್ಕಿನ ಮೇಲೆ ಬೀಳಬೇಕು. ದೋಣಿ, ಯಂತ್ರ, ಗಾಡಿ ಸೇರಿ 800 ಕಿಲೊ ಆದರೆ ಹುಕ್ಕಿನ ಮೇಲೆ 80 ಕಿಲೊ. ಹತ್ತಿ ತೂಗುವ ಯಂತ್ರದ ಮೇಲೆ ಹುಕ್ಕನ್ನಿಟ್ಟರೆ ಲೆಕ್ಕ ಸಿಗುತ್ತದೆ.

ಯಂತ್ರ ಹಿಂದೆ ಇರುವುದರಿಂದ ದೋಣಿ ಸ್ವಭಾವತಃ ಹಿಂಭಾರ. ಹಿಂಭಾರದ ಟ್ರೇಲರ್ ವೇಗ ಹೆಚ್ಚಿದೊಡನೆ ಹಾವಿನ ಬಾಲದಂತೆ ಆಡುತ್ತದೆ. ಹಾಗಾದರೆ ವಿಂಚಿನ ಕಂಬವನ್ನೂ ಮೂತಿಯ ತಡೆಯನ್ನೂ ನಾಲ್ಕು ಬೆರಳು ಮುಂದಕ್ಕೆ ಸರಿಸಿ ದೋಣಿ ಕೂರುವ ಜಾಗ ಬದಲಿಸಬೇಕು, ಸಾಲದಿದ್ದರೆ ಆಕ್ಸಲನ್ನೇ ಹಿಂದಕ್ಕೆ ಒಯ್ಯಬೇಕು.

ಬಿಸಿ ಬೇರಿಂಗ್, ತಣ್ಣೀರು
*ದೂರದಿಂದ ಓಡಿ ಬಂದ ಟ್ರೇಲರ್‌ನ ಬೇರಿಂಗ್ ಕಾದಿರುತ್ತದೆ. ಹಾಗೆಯೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ, ಸೀಲಿನ ಸಂದಿನಿಂದ ನೀರನ್ನೂ ಮರಳನ್ನೂ ಹೀರಿಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ಮುಂದೊಂದು ದಿನ ಚಕ್ರ ನಡುರಸ್ತೆಯಲ್ಲಿ ಜಾಮ್ ಆಗುತ್ತದೆ. ಹಬ್ ಮುಟ್ಟಿ ನೋಡಿ, ಅವಕಾಶವಿದ್ದರೆ ತಣಿಯಲು ಬಿಡಿ. ನೆರೆಯ ತುರ್ತಿನಲ್ಲಿ ಬಿಡುವಿಲ್ಲದಿದ್ದರೆ ಆ ದಿನದ ಕೆಲಸ ಮುಗಿದೊಡನೆ ಹೊಸ ಗ್ರೀಸ್ ತುಂಬಿ. ಲೈಟಿನ ವೈರ್ ಕಳಚಿಯೇ ಗಾಡಿಯನ್ನು ನೀರಿಗೆ ಬಿಡಿ. ರಸ್ತೆಯಲ್ಲಿ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ಬದಿಗಂಬ ಹಾಕುವಾಗ ಇದು ನೆನಪಿರಲಿ.*

ಮೆಟ್ಟಿಲಿದೆ, ಇಳಿಜಾರಿಲ್ಲ

ಗಾಡಿ ಎಷ್ಟೇ ಸರಿಯಿದ್ದರೂ ದಂಡೆ ಸಹಕರಿಸಬೇಕು. ನಮ್ಮ ಹೊಳೆಗಳ ಘಾಟುಗಳನ್ನು ಕಟ್ಟಿದ್ದು ಮೀಯುವವರಿಗೆ, ಕೊಡ ತುಂಬುವವರಿಗೆ, ಜಾತ್ರೆಗೆ. ಎಲ್ಲೆಲ್ಲೂ ಮೆಟ್ಟಿಲು. ಚಕ್ರ ಮೆಟ್ಟಿಲಿಳಿಯುವುದಿಲ್ಲ. ಮೆಟ್ಟಿಲಿಲ್ಲದ ಕಡೆ ಎರೆಮಣ್ಣು. ಒದ್ದೆಯಾದ ಎರೆಯಲ್ಲಿ ಟ್ರ್ಯಾಕ್ಟರ್ ಚಕ್ರವೇ ಹೂಳುತ್ತದೆ.

ದೋಣಿ ಇಳಿಸುವ ಇಳಿಜಾರು 100 ಅಡಿಗೆ 12ರಿಂದ 15 ಅಡಿ ಇಳಿಯಬೇಕೆಂಬುದು ಲೋಕದಲ್ಲಿ ಒಪ್ಪಿದ ಅಳತೆ. ಇದಕ್ಕಿಂತ ಕಡಿದಾದರೆ ಟಯರ್ ಜಾರುತ್ತದೆ, ಚಪ್ಪಟೆಯಾದರೆ ದೋಣಿ ತೇಲುವ ಮೊದಲೇ ಎಳೆಯುವ ವಾಹನ ನೀರಿನಲ್ಲಿರುತ್ತದೆ. ಹರಿವ ಹೊಳೆಯಲ್ಲಿ ಇಳಿಜಾರನ್ನು ಸೆಳವಿನ ದಿಕ್ಕಿಗೆ ಸ್ವಲ್ಪ ವಾಲಿಸಿ ಕಟ್ಟಬೇಕು. ಆಗ ಗಾಡಿಯೇರಲು ಬರುವ ದೋಣಿಯ ಮೂತಿ ಹರಿವಿಗೆ ಎದುರಾಗುತ್ತದೆ. ಎದುರು ನೀರಿನಲ್ಲಿ ದೋಣಿ ಚಾಲಕನ ಮಾತು ಕೇಳುತ್ತದೆ. ಅಡ್ಡ ನೀರಿನಲ್ಲಿ ಕೇಳುವುದಿಲ್ಲ. ಕಟ್ಟಿದ ಇಳಿಜಾರು ಇಲ್ಲದಲ್ಲಿ ಬಂಡೆಯ ಮರೆ, ಸೇತುವೆಯ ಬುಡದ ಮರೆ ಹುಡುಕಿ. ದೋಣಿಯ ಹಿಂಭಾಗಕ್ಕೊಂದು ಹಗ್ಗ ಕಟ್ಟಿ, ಸೆಳವಿನ ಮೇಲ್ಬದಿಯ ದಂಡೆಯಲ್ಲಿ ಇಬ್ಬರು ಹಿಡಿದು ನಿಂತರೆ ಆರು ಜನ ನೀರಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಕೆಸರಿನ ದಂಡೆಯಲ್ಲಿ ಯಂತ್ರದ ಜೋರಿನಿಂದಲೇ ದೋಣಿಯನ್ನು ಗಾಡಿಗೆ ನುಗ್ಗಿಸುವುದು ಬೇಡ. ರೆಕ್ಕೆಯ ನೀರಿನ ಹೊಡೆತ ತಳದ ಮಣ್ಣನ್ನು ಕೆದರಿ ಗುಂಡಿ ಮಾಡುತ್ತದೆ. ಮುಂದಿನ ಸಲ ಟ್ರೇಲರ್ ಚಕ್ರ ಬೀಳುವುದು ಅದರಲ್ಲೇ.

ವಿದ್ಯೆ ನಮ್ಮಲ್ಲೇ ಇದೆ

ಟ್ರೇಲರನ್ನು ಹಿಂದಕ್ಕೆ ಓಡಿಸುವುದು ಕಾರು ಬಲ್ಲವರಿಗೂ ಗೋಜಲು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿಯ ಹಿಂಬದಿ ಬಲಕ್ಕೆ ಹೋಗುತ್ತದೆ. ಸ್ಟೇರಿಂಗ್‌ನ ಕೆಳತುದಿ ಹಿಡಿದರೆ ಗೊಂದಲ ತೀರುತ್ತದೆ: ಕೈ ಯಾವ ಕಡೆಗೋ ಗಾಡಿಯೂ ಆ ಕಡೆಗೆ. ಸಣ್ಣ ಸಣ್ಣ ತಿರುವು, ನಿಧಾನದ ನಡೆ.

ಮಾನ್ವಿ, ಸಿಂಧನೂರು ಕಡೆಯ ಟ್ರ್ಯಾಕ್ಟರ್ ಹುಡುಗರಿಗೆ ಈ ಪಾಠವೂ ಬೇಡ. ಭತ್ತ ತುಂಬಿದ ಎರಡು ಚಕ್ರದ ಟ್ರಾಲಿಯನ್ನು ರೈಸ್‌ಮಿಲ್ಲಿನ ಕಿರಿದಾದ ಬಾಗಿಲಿಗೆ ಹಿಮ್ಮುಖವಾಗಿ ನುಗ್ಗಿಸಿ ಗೇಣು ಜಾಗದಲ್ಲಿ ನಿಲ್ಲಿಸುವವರು ಅವರು. ಎತ್ತರದ ಚಕ್ರ, ಕೆಸರಿಗೆ ಜಗ್ಗದ ಎಂಜಿನ್. ದೋಣಿ ಇಳಿಸಲು ಟ್ರ್ಯಾಕ್ಟರ್‌ಗಿಂತ ಒಳ್ಳೆಯ ವಾಹನ ನಮ್ಮ ದಂಡೆಗಳಲ್ಲಿ ಇಲ್ಲ. ಬರುವ ರಕ್ಷಣಾ ತಂಡಗಳು ಊರಿನ ಒಬ್ಬ ನುರಿತ ಟ್ರ್ಯಾಕ್ಟರ್ ಚಾಲಕನನ್ನು ಮೊದಲೇ ಗೊತ್ತುಮಾಡಿಕೊಂಡರೆ ಎಷ್ಟು ತಾಸು ಉಳಿದೀತು!

ಆ ಹಿರಿಯರ ಮಾತು ಕೇಳಿದ ಮೇಲೆ, ಮರುಬೇಸಿಗೆಯಲ್ಲಿ ಪರಿಚಯದವರ ಸಣ್ಣ ಫೈಬರ್ ದೋಣಿಯೊಂದರ ಟ್ರೇಲರನ್ನು ಹೀಗೆಯೇ ಸರಿಮಾಡಿದೆವು. ನಡುಗೆರೆ, ಕಾರ್ಪೆಟ್, ಹಿಂದಿನ ರೋಲರ್, ಎರಡು ಹಳದಿ ಕಂಬ, ನಾಲ್ಕು ಬೆರಳು ಮುಂದೆ ಸರಿದ ವಿಂಚ್. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಹಗಲು ಹಿಡಿಯಿತು. ನಿಂತ ನೀರಿನ ಕೆರೆಯೊಂದರಲ್ಲಿ ಆಳ ನೋಡಿ ನೋಡಿ, ಸರಿಯಾದಲ್ಲಿ ಮಡ್‌ಗಾರ್ಡ್ ಮೇಲೆ ಬಿಳಿ ಗೆರೆ ಎಳೆದೆವು. ನೀರು ಆ ಗೆರೆ ಮುಟ್ಟಿದರೆ ನಿಲ್ಲಿಸು, ಅಷ್ಟೇ. ಐದನೆಯ ಸಲ ಇಬ್ಬರೇ ಏರಿಸಿದರು. ಗಡಿಯಾರದಲ್ಲಿ ನಾಲ್ಕು ನಿಮಿಷ.

ಕೃಷ್ಣೆ ತುಂಬುವುದು ಜುಲೈ, ಆಗಸ್ಟ್‌ನಲ್ಲಿ. ಅಷ್ಟರೊಳಗೆ ಹೂವಿನಹೆಡಗಿ, ಕೊಪ್ಪರ, ಗೂಗಲ್, ಶೀಲಹಳ್ಳಿ, ಕುರ್ವಕಲಾದ ಎದುರು ದಂಡೆ, ಆಚೆ ತುಂಗಭದ್ರೆಯ ಚೀಕಲಪರ್ವಿ, ಇಲ್ಲೆಲ್ಲ ಗರಸು ಹಾಕಿ ಗಟ್ಟಿಮಾಡಿದ ಒಂದೊಂದು ಇಳಿಜಾರು ಬೇಕು. ಹತ್ತಡಿ ಅಗಲವಿದ್ದರೂ ಸಾಕು. ಪಂಚಾಯಿತಿಯ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆಸಿ. ದೋಣಿ ಇಟ್ಟುಕೊಂಡವರೇ, ಈ ವಾರವೇ ನಿಮ್ಮ ಟ್ರೇಲರ್‌ನ ಮೇಲೊಂದು ದಾರ ಎಳೆದು ನೋಡಿ.